ವಿದೇಶದಲ್ಲಿ ಕಾರ್ಡ್ ಕೈಕೊಟ್ಟರೆ

ಪ್ರಶ್ನೆ: ಲಿಮಿಟ್ ಬೇಕಾದಷ್ಟಿದೆ, ಬಾಕಿಯೂ ಇಲ್ಲ. ಆದರೂ ಊರಲ್ಲಿ ನಡೆಯುವ ಕ್ರೆಡಿಟ್ ಕಾರ್ಡ್ ವಿದೇಶದಲ್ಲಿ ನಡೆಯದಿರುವುದೇಕೆ?

ಉತ್ತರ: ಎಷ್ಟೋ ಸಲ ತಪ್ಪು ಕಾರ್ಡಿನದ್ದಲ್ಲ, ಒಂದು ಸ್ವಿಚ್ಚಿನದ್ದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಷ್ಟೇ ನಡೆಯುತ್ತವೆ. ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಚಾಲೂ ಮಾಡಬೇಕು. ಹಳೇ ಕಾರ್ಡಿನ ಅವಧಿ ಮುಗಿದು ಹೊಸದು ಬಂದಾಗ ಇದು ಸುಲಭವಾಗಿ ಮರೆತುಹೋಗುತ್ತದೆ.

ಅಮೆರಿಕದ ಪೆಟ್ರೋಲ್ ಬಂಕಿನದು ಬೇರೆಯೇ ಪೇಚು. ಅಲ್ಲಿನ ಪಂಪು ಐದಂಕಿಯ ಜಿಪ್ ಕೋಡ್ ಕೇಳುತ್ತದೆ. ನಮ್ಮ ಪಿನ್‌ಕೋಡೋ ಆರಂಕಿ! ಬಸವನಗುಡಿಯ 560004 ಒತ್ತಲು ಹೋದರೆ ಕೊನೆಯ 4ಕ್ಕೆ ಜಾಗವೇ ಇರುವುದಿಲ್ಲ. ಪೇಚಾಡದೆ ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ ಪಾವತಿಸಿ. ಇನ್ನು, ಹೋಟೆಲಿನವರು ಮುಂಗಡವಾಗಿ ತಡೆಹಿಡಿಯುವ ಮೊತ್ತವೂ ಲಿಮಿಟ್ಟನ್ನು ತಿನ್ನುತ್ತದೆ.

ಒಮ್ಮೆ ನಿರಾಕರಣೆಯಾದರೆ ಮತ್ತೆ ಮತ್ತೆ ಉಜ್ಜಬೇಡಿ. ಬ್ಯಾಂಕಿಗೆ ಅನುಮಾನ ಬಂದು ಕಾರ್ಡನ್ನೇ ತಡೆದೀತು. ಒಟಿಪಿಗಾಗಿ ಇಲ್ಲಿನ ನಂಬರಿಗೆ ರೋಮಿಂಗ್ ಹಾಕಿಸಿಕೊಳ್ಳಿ. 1800ರಿಂದ ಶುರುವಾಗುವ ಉಚಿತ ಸಂಖ್ಯೆ ವಿದೇಶದಿಂದ ಸಾಮಾನ್ಯವಾಗಿ ಸಿಗದು. ಹಾಗಾಗಿ ಬ್ಯಾಂಕಿನ +91 ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಇನ್ನೊಂದು ಬ್ಯಾಂಕಿನ ಕಾರ್ಡಿನ ಜೊತೆ ಬೇರೆ ಚೀಲದಲ್ಲಿ ಇಟ್ಟುಕೊಂಡು ಹೊರಡಿ.