ಹೊಲದ ನೀರು ಹೋದ ದಾರಿ

ಸಂಕ್ರಾಂತಿಗೆ ಬಾಗಲಕೋಟೆಯಿಂದ ಮೊಮ್ಮಗಳು ಬಂದಿದ್ದಳು. ಹುನಗುಂದದ ನಮ್ಮ ಎರೆಹೊಲಕ್ಕೆ ಕರೆದುಕೊಂಡು ಹೋದೆ. ಬಿಳಿಜೋಳ ಕಾಳು ಕಟ್ಟುವ ಹೊತ್ತು. ಬದುವಿನ ಬಳಿ ನೆಲ ಎಷ್ಟು ಬಿರಿದಿತ್ತೆಂದರೆ ಅವಳ ಮುಂಗೈ ಪೂರ್ತಿ ಒಳಗೆ ಹೋಯಿತು.

“ಅಜ್ಜಾ, ದಸರಾಕ್ಕ ಬಂದಾಗ ಇಲ್ಲೆ ಕೆಸರಿತ್ತಲ್ಲ, ಆ ನೀರೆಲ್ಲಾ ಎಲ್ಲಿ ಹೋತು?”

“ಮ್ಯಾಲ ಹೋತು” ಅಂದೆ. ಅವಳು ಆಕಾಶ ನೋಡಿದಳು, ನನ್ನನ್ನೂ ನೋಡಿದಳು. ನಂಬಲಿಲ್ಲ.

ಬೇವಿನ ಟೊಂಗೆಯೊಂದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದೆವು. ಬುತ್ತಿ ಉಂಡು ಬರುವಷ್ಟರಲ್ಲಿ ಚೀಲದೊಳಗೆ ಹನಿ ಕೂತಿದ್ದವು. ಬೇರು ಕುಡಿದ ನೀರನ್ನು ಎಲೆ ತನ್ನ ಸಣ್ಣ ರಂಧ್ರಗಳಿಂದ ಬಿಡುತ್ತದೆ. ಮಣ್ಣೂ ತನ್ನ ಹಸಿ ಬಿಡುತ್ತದೆ. ಜಗತ್ತಿನ ನೆಲದ ಮೇಲೆ ಬೀಳುವ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ ಆಕಾಶಕ್ಕೆ ಮರಳುತ್ತದೆ. ಒಂದು ಎಕರೆಯಿಂದ ಬರೀ 1 ಮಿಲಿಮೀಟರ್ ಹೋದರೂ ಸುಮಾರು 4,000 ಲೀಟರ್!

ಇದನ್ನು ಅಳೆಯುವುದು ಹೇಗೆ? ಆವಿ ಕಣ್ಣಿಗೆ ಕಾಣದು, ಉಪಗ್ರಹಕ್ಕೂ ಅದು ನೆಲದಿಂದ ಏಳುವುದು ಕಾಣದು. ಬಾದಾಮಿಯ ಅಗಸ್ತ್ಯ ತೀರ್ಥದ ಬಳಿ ಮಧ್ಯಾಹ್ನ ಬರಿಗಾಲಲ್ಲಿ ನಡೆದವರಿಗೆ ಈ ಲೆಕ್ಕ ಅರ್ಧ ತಿಳಿದಂತೆ. ಕೆಂಪುಕಲ್ಲು ಸುಡುತ್ತದೆ, ಪಕ್ಕದ ಹಸಿ ಹುಲ್ಲು ತಂಪು. ಬಿಸಿಲು ಒಂದೇ, ಹುಲ್ಲಿನ ಮೇಲೆ ಬಿದ್ದ ಶಾಖದ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಯಿತು. ಬಂದ ಬಿಸಿಲೆಷ್ಟು, ನೆಲ ಹಿಂದಕ್ಕೆ ಎಸೆದದ್ದೆಷ್ಟು, ಮಣ್ಣು ಗಾಳಿಗಳನ್ನು ಕಾಯಿಸಿದ್ದೆಷ್ಟು ಎಂದು ಕಳೆಯುತ್ತ ಹೋದರೆ ಉಳಿಯುವುದೇ ಆವಿಯ ಬಾಬತ್ತು. ಅಂಗಡಿಯ ಜಮಾ-ಖರ್ಚಿನ ಹಾಗೆ.

1999ರ ಡಿಸೆಂಬರಿನಲ್ಲಿ ಮೇಲೇರಿದ ನಾಸಾದ ಟೆರಾ ಉಪಗ್ರಹ ಎಲೆಗಳ ಹಸಿರನ್ನು ನೋಡುತ್ತದೆ. ಆ ಅಳತೆಗೆ ಹವಾಮಾನದ ಅಂಕಿ ಸೇರಿಸಿ, 8 ದಿನಕ್ಕೊಂದರಂತೆ ಇಡೀ ಜಗತ್ತಿನ ಆವಿಯ ನಕ್ಷೆ ಮಾಡುತ್ತಾರೆ. ಆದರೆ ಅದರ ಒಂದು ಚುಕ್ಕೆ ಎಂದರೆ 500 ಮೀಟರ್ ಉದ್ದ, ಅಷ್ಟೇ ಅಗಲ. 60 ಎಕರೆಗೂ ಮಿಕ್ಕ ಜಾಗ. ನಮ್ಮ ನಾಲ್ಕೆಕರೆ ಅದರಲ್ಲಿ ಎಲ್ಲಿ ಹುಡುಕುವುದು? 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ ಇಕೋಸ್ಟ್ರೆಸ್ ಉಪಕರಣ ನೆಲದ ಬಿಸಿಯನ್ನು ಸುಮಾರು 70 ಮೀಟರ್ ಚುಕ್ಕೆಗಳಲ್ಲಿ ಅಳೆಯುತ್ತದೆ. ಅಷ್ಟಾದರೆ ನಮ್ಮ ಹೊಲವೂ ಲೆಕ್ಕಕ್ಕೆ ಬಂತು. ಮೋಡ ಕವಿದರೆ ಮಾತ್ರ ಅದಕ್ಕೂ ನೆಲ ಕಾಣದು.

ನಾನು ಹುಡುಗನಿದ್ದಾಗ ಒಂದು ವರ್ಷ ಎತ್ತಿನ ಕಾಲು ಮುರಿದು, ಎಡೆ ಹೊಡೆದು ಬಿರುಕು ಮುಚ್ಚಲಾಗಲಿಲ್ಲ. ಹಸಿ ಹಾರಿಹೋಗಿ ಜೋಳವೆಲ್ಲ ಜೊಳ್ಳಾಯಿತು. ಅವ್ವ ತನ್ನ ಮದುವೆಯ ಇಳಕಲ್ ಸೀರೆ ಮಾರಿ ಕಾಳು ತಂದಳು. ತೋಪುತೆನಿ ಸೆರಗಿನ ಸೀರೆ ಅದು. ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಸುಮ್ಮನಾದಳು.

ಸಂಜೆ ಚೀಲ ಬಿಚ್ಚಿ ಚಮಚದಲ್ಲಿ ಅಳೆದೆವು. ಎರಡು ಚಮಚ ನೀರು. ಅವಳು ತಲೆಯೆತ್ತಿ ಬೇವಿನ ಟೊಂಗೆಗಳನ್ನು ಎಣಿಸತೊಡಗಿದಳು.