ಸೂತ್ರವನ್ನು ತೂಗುವ ತಕ್ಕಡಿ

ಪ್ರೌಢಶಾಲೆಯ ಮಕ್ಕಳು ಭೌತಶಾಸ್ತ್ರದ ಸೂತ್ರಗಳನ್ನು ಅರ್ಥವರಿಯದೆ ಉರುಹಚ್ಚುವದನ್ನು ನಾವು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಪರೀಕ್ಷೆಯಲ್ಲಿ ಒಂದಕ್ಷರ ತಪ್ಪಿದರೆ ಆ ಕಂಠಪಾಠವೆಲ್ಲ ನಿಷ್ಫಲವಾಗುವದು. ಅಂಥ ಮಕ್ಕಳಿಗೂ ಅವರ ತಾಯಿತಂದೆಗಳಿಗೂ ಉಪಯುಕ್ತವಾದ ಯುಕ್ತಿಯೊಂದನ್ನು ಇಲ್ಲಿ ಹೇಳಬಯಸುತ್ತೇವೆ. ಇದಕ್ಕೆ ಆಯಾಮ ವಿಶ್ಲೇಷಣೆಯೆಂದು ಹೆಸರು.

ಇದರ ಮೂಲತತ್ತ್ವವು ಪ್ರತಿಯೊಬ್ಬ ಗೃಹಿಣಿಗೂ ತಿಳಿದುದೇ. ಐದು ಕಿಲೋ ಜೋಳಕ್ಕೆ ಮೂರು ಮೊಳ ಹೂವನ್ನು ಕೂಡಿಸಿ ಎಂಟೆಂದು ಲೆಕ್ಕ ಬರೆಯುವವರು ಯಾರೂ ಇಲ್ಲ. ಅದರಂತೆಯೇ ಸೂತ್ರದಲ್ಲಿಯೂ ಉದ್ದವು ಉದ್ದಕ್ಕೆ, ಕಾಲವು ಕಾಲಕ್ಕೆ ಮಾತ್ರ ಸಮನಾಗಬಲ್ಲದು. ಫ್ರಾನ್ಸ್ ದೇಶದ ಗಣಿತಜ್ಞನಾದ ಫೂರಿಯೆಯು 1822ರಲ್ಲಿ ಪ್ರಕಟಿಸಿದ ಉಷ್ಣವಿಷಯಕ ಗ್ರಂಥದಲ್ಲಿ ಈ ನಿಯಮವನ್ನು ವಿವರಿಸಿದನು.

ದೃಷ್ಟಾಂತಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ವಿಜಯಪುರದಿಂದ ಸೊಲ್ಲಾಪುರ ರಸ್ತೆಯನ್ನು ಹಿಡಿದು ಹೊರಟ ಬಸ್ಸಿಗೆ ಎತ್ತಿನ ಗಾಡಿಯೊಂದು ಅಡ್ಡ ಬಂದಿತೆನ್ನೋಣ. ಚಾಲಕನು ಬ್ರೇಕು ಒತ್ತಿದ ಮೇಲೆ ಬಸ್ಸು ಎಷ್ಟು ದೂರ ಸಾಗಿ ನಿಂತೀತು?

ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರೆಂದು ಅಳೆಯುವರು. ಬ್ರೇಕಿನಿಂದ ಆ ವೇಗವು ಕುಗ್ಗುವ ದರವನ್ನು ಮೀಟರನ್ನು ಸೆಕೆಂಡಿನ ವರ್ಗದಿಂದ ಭಾಗಿಸಿ ಹೇಳುವರು. ವೇಗವನ್ನು ಈ ದರದಿಂದ ಭಾಗಿಸಿದರೆ ಉಳಿಯುವದು ಸೆಕೆಂಡು. ಅದು ಕಾಲವೇ ಹೊರತು ದೂರವಲ್ಲ. ವೇಗದ ವರ್ಗವನ್ನು ಭಾಗಿಸಿದರೆ ಮಾತ್ರ ಮೀಟರು ಉಳಿಯುವದು. ಈ ಎರಡರಿಂದಲೇ ದೂರವನ್ನು ಪಡೆಯಲು ಅನ್ಯ ಮಾರ್ಗವಿಲ್ಲ. ಸೂತ್ರವನ್ನು ಮರೆತ ವಿದ್ಯಾರ್ಥಿಯೂ ಹೀಗೆ ಅದರ ರೂಪವನ್ನು ಮರಳಿ ಪಡೆಯಬಹುದು.

ಆದರೆ ಈ ತಕ್ಕಡಿಗೆ ಬರಿಯ ಅಂಕಿಗಳು ಸಿಕ್ಕವು. ನಿಜವಾದ ಸೂತ್ರದಲ್ಲಿ ಹೀಗೆ ಬಂದುದರ ಅರ್ಧವನ್ನೇ ತೆಗೆದುಕೊಳ್ಳಬೇಕು. ವೇಗವು ಒಂದೇ ಸಮನೆ ಇಳಿದು ಸೊನ್ನೆಯಾಗುವಾಗ ಅದರ ಸರಾಸರಿಯು ಮೊದಲಿನದರ ಅರ್ಧವಾಗಿರುವದೇ ಇದಕ್ಕೆ ಕಾರಣವು.

ಈಗ ಲೆಕ್ಕ ಮಾಡಿ ನೋಡೋಣ. ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗವನ್ನು ಕುಗ್ಗಿಸುವದೆಂದು ಇಟ್ಟುಕೊಳ್ಳಿರಿ. ಗಂಟೆಗೆ 36 ಕಿಲೋಮೀಟರೆಂದರೆ ಸೆಕೆಂಡಿಗೆ 10 ಮೀಟರು. ಬಸ್ಸು 10 ಮೀಟರಿನಲ್ಲಿ ನಿಲ್ಲುವದು. ಗಂಟೆಗೆ 72 ಕಿಲೋಮೀಟರಾದರೆ 40 ಮೀಟರು ಬೇಕು. ವೇಗವು ಎರಡು ಪಟ್ಟಾದರೆ ದೂರವು ನಾಲ್ಕು ಪಟ್ಟು! ಚಾಲಕನು ಎಚ್ಚತ್ತು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ವೇಗವನ್ನು ಕಾಲದಿಂದ ಗುಣಿಸಿ ಬಂದ 10 ಅಥವಾ 20 ಮೀಟರನ್ನು ಕೂಡಿಸಬೇಕು. ಮೀಟರಿಗೆ ಮೀಟರು ಸೇರುವದರಿಂದ ಈ ಕೂಡಿಕೆಯು ಯೋಗ್ಯವೇ. ಒಟ್ಟು ಮೊದಲನೆಯದು 20, ಎರಡನೆಯದು 60 ಮೀಟರು. ಗಾಡಿಯು 30 ಮೀಟರು ದೂರದಲ್ಲಿದ್ದರೆ ಮೊದಲಿನ ಬಸ್ಸು ಅದರ ಈಚೆಗೇ ನಿಲ್ಲುವದು, ಎರಡನೆಯದು ನಿಲ್ಲಲಾರದು.

ಆದುದರಿಂದ ನಿಮ್ಮ ಮಕ್ಕಳು ಸೂತ್ರವನ್ನು ಬರೆದಾಗಲೆಲ್ಲ ಪ್ರತಿಯೊಂದು ಅಕ್ಷರದ ಪಕ್ಕದಲ್ಲಿ ಅದರ ಮಾನವನ್ನೂ ಬರೆಯಹೇಳಿರಿ. ಎರಡೂ ಬದಿಗಳು ಒಪ್ಪದಿದ್ದರೆ ಸೂತ್ರವು ತಪ್ಪೆಂದು ಅವರೇ ಕಂಡುಕೊಳ್ಳುವರು. ಮನೆಯಲ್ಲಿ ವಾಹನ ನಡಿಸುವವರಿದ್ದರೆ, ಮೇಲಿನ ಲೆಕ್ಕವನ್ನು ಮಕ್ಕಳಿಂದಲೇ ಅವರಿಗೆ ಓದಿಸಿರೆಂದು ನಮ್ಮ ವಿನಂತಿ.