ಬೈಪ್ಯಾಪ್ ಬರೆದಿಡುವ ರಾತ್ರಿಯ ಲೆಕ್ಕ

ನಿದ್ದೆಯಲ್ಲಿ ಎಲ್ಲರ ಉಸಿರಾಟವೂ ಸ್ವಲ್ಪ ಇಳಿಯುತ್ತದೆ. ಗಟ್ಟಿಮುಟ್ಟಾದವರಿಗೆ ಅದರಿಂದ ತೊಂದರೆಯಿಲ್ಲ. ವರ್ಷಗಟ್ಟಲೆ ಬೀಡಿ ಸೇದಿಯೋ ಸೌದೆ ಒಲೆಯ ಹೊಗೆ ಕುಡಿದೋ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಬಂದವರಲ್ಲಿ, ಉಸಿರಾಟದ ಸ್ನಾಯು ಸೋತವರಲ್ಲಿ, ಬೆನ್ನುಮೂಳೆ ತೀರಾ ಬಾಗಿದವರಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲೇ ಉಳಿಯಬಹುದು. ಬೆಳಿಗ್ಗೆ ಎದ್ದರೆ ತಲೆನೋವು, ಹಗಲೆಲ್ಲ ತೂಕಡಿಕೆ. ಇಂಥವರಿಗೆ ವೈದ್ಯರು ಬರೆದುಕೊಡುವುದು ಬೈಪ್ಯಾಪ್. ಗಂಟಲಿಗೆ ಕೊಳವೆ ಇಳಿಸುವ ಗೋಜಿಲ್ಲ; ಮಾಸ್ಕ್ ಮೂಲಕ, ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡದ ಗಾಳಿ.

ಆ ಒತ್ತಡ ಎಷ್ಟಿರಬೇಕೆಂಬುದೇ ಮುಖ್ಯ. ಸಿಒಪಿಡಿಯಲ್ಲಿ ಮೆಲುವಾದ ಒತ್ತಡ ಕೊಟ್ಟು ನೋಡಿದ ಹಳೆಯ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ, ಜರ್ಮನಿ ಮುಂದಾಳತ್ವದ ಅಧ್ಯಯನದಲ್ಲಿ 195 ರೋಗಿಗಳಿದ್ದರು. ಯಂತ್ರ ಪಡೆದವರಿಗೆ ರಕ್ತದ ಡೈಆಕ್ಸೈಡ್ ನಿಜವಾಗಿ ಇಳಿಯುವಷ್ಟು ಒತ್ತಡ ಕೊಟ್ಟರು. ಒಂದು ವರ್ಷದೊಳಗೆ ತೀರಿಕೊಂಡವರು ಅವರಲ್ಲಿ ಶೇ. 12, ಯಂತ್ರವಿಲ್ಲದವರಲ್ಲಿ ಶೇ. 33.

ಆದರೆ ಆಸ್ಪತ್ರೆಯಲ್ಲಿ ಹೊಂದಿಸಿದ ಒತ್ತಡ ಮನೆಯಲ್ಲಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಈಗಿನ ಯಂತ್ರಗಳು ಬಳಸಿದ ಗಂಟೆ, ಗಾಳಿಯ ಸೋರಿಕೆ, ಪ್ರತಿ ಉಸಿರಿನ ಗಾತ್ರ, ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನೆಲ್ಲ ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತವೆ. ಕೆಲವು ಮೊಬೈಲ್ ಜಾಲದ ಮೂಲಕ ವೈದ್ಯರಿಗೂ ಕಳಿಸುತ್ತವೆ.

ಇವುಗಳಲ್ಲಿ ಮೊದಲು ನೋಡಬೇಕಾದ್ದು ಸೋರಿಕೆ. ಉಸಿರಿನ ಗಾತ್ರ ಕಡಿಮೆ ಎಂದು ಕಂಡ ಕೂಡಲೇ ಒತ್ತಡ ಏರಿಸೋಣ ಎನಿಸುತ್ತದೆ. ಮಾಸ್ಕ್ ಸಡಿಲವಿದ್ದರೆ ಏರಿಸಿದ ಒತ್ತಡ ಅಂಚಿನಿಂದ ಇನ್ನಷ್ಟು ಗಾಳಿಯನ್ನು ಹೊರದೂಡುತ್ತದೆ, ಅಷ್ಟೇ. ಸೋರಿಕೆ ಜಾಸ್ತಿಯಾದಾಗ ರೋಗಿ ಉಸಿರೆಳೆಯಲು ಯತ್ನಿಸಿದ್ದೇ ಯಂತ್ರಕ್ಕೆ ಗೊತ್ತಾಗದೆ ಹೋಗಬಹುದು. ಅದು ತೋರಿಸುವ ಗಾತ್ರದ ಅಂದಾಜನ್ನೂ ನಂಬುವಂತಿಲ್ಲ. ಇಲ್ಲಿ ಬೇಕಿರುವುದು ಬೇರೆ ಅಳತೆಯ ಮಾಸ್ಕ್. ಇನ್ನೊಂದು ತೊಡಕಿದೆ. ಬಿಟ್ಟ ಉಸಿರು ಹೊರಹೋಗಲೆಂದು ಮಾಸ್ಕಿನಲ್ಲಿ ಬೇಕೆಂದೇ ರಂಧ್ರವಿಟ್ಟಿರುತ್ತಾರೆ. ರೆಸ್‌ಮೆಡ್ ಕಂಪನಿಯ ಯಂತ್ರಗಳು ಅದನ್ನು ಕಳೆದು ಬೇಡದ ಸೋರಿಕೆಯನ್ನಷ್ಟೇ ತೋರಿಸಿದರೆ, ಫಿಲಿಪ್ಸ್ ಯಂತ್ರಗಳು ಎರಡನ್ನೂ ಕೂಡಿಸಿ ತೋರಿಸುವುದುಂಟು. ಒಬ್ಬರ ಅಂಕಿಯನ್ನು ಪಕ್ಕದ ಮನೆಯವರ ಅಂಕಿಗೆ ಹೋಲಿಸಿ ಗಾಬರಿಯಾಗಬೇಕಿಲ್ಲ.

ಹೋಲಿಸಬೇಕಾದ್ದು ಅದೇ ರೋಗಿಯ ಹಿಂದಿನ ರಾತ್ರಿಗಳೊಡನೆ. ಫ್ರೆಂಚ್ ಸಂಶೋಧಕರು 2015ರಲ್ಲಿ 64 ಸಿಒಪಿಡಿ ರೋಗಿಗಳ ದಾಖಲೆ ಪರಿಶೀಲಿಸಿದಾಗ, ರೋಗ ಉಲ್ಬಣಿಸುವ ಮುಂಚಿನ ದಿನಗಳಲ್ಲೇ ಉಸಿರಿನ ವೇಗ ಆಯಾ ರೋಗಿಯ ವಾಡಿಕೆಗಿಂತ ಏರಿರುವುದು ಕಂಡಿತು. ಒಂದು ರಾತ್ರಿಯ ಏರಿಳಿತಕ್ಕೆ ಅರ್ಥ ಹಚ್ಚುವುದು ಬೇಡ. ಏರಿಕೆ ಹಾಗೇ ಉಳಿದರೆ ವೈದ್ಯರಿಗೆ ಫೋನ್ ಮಾಡುವ ಹೊತ್ತು ಬಂತು.

ನೆದರ್ಲೆಂಡ್ಸಿನ ಗ್ರೋನಿಂಗನ್ ತಂಡ ಇನ್ನೂ ಮುಂದೆ ಹೋಗಿ, ಕೆಲವರಿಗೆ ಚಿಕಿತ್ಸೆಯನ್ನೇ ಮನೆಯಲ್ಲಿ ಆರಂಭಿಸಿ ದೂರದಿಂದ ಒತ್ತಡ ಹೊಂದಿಸಿತು. 67 ರೋಗಿಗಳ ಈ ಅಧ್ಯಯನ 2020ರಲ್ಲಿ ಹೊರಬಂತು. ಡೈಆಕ್ಸೈಡ್ ಆಸ್ಪತ್ರೆಯಲ್ಲಿ ಶುರುಮಾಡಿದವರಷ್ಟೇ ಇಳಿಯಿತು, ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಅವರು ಯಂತ್ರದ ಅಂಕಿಗಳನ್ನಷ್ಟೇ ನಂಬಿ ಕೂರಲಿಲ್ಲ. ಚರ್ಮದ ಮೇಲಿಡುವ ಸಂವೇದಕದಿಂದ ಡೈಆಕ್ಸೈಡನ್ನೂ ಅಳೆದರು. ಮನೆಯ ಬೈಪ್ಯಾಪ್ ಸಾಮಾನ್ಯವಾಗಿ ಅದನ್ನು ಅಳೆಯುವುದಿಲ್ಲ. ಅಂಕಿಗಳೆಲ್ಲ ಚೆನ್ನಾಗಿದ್ದೂ ಬೆಳಗಿನ ತಲೆನೋವು ಮರಳಿದರೆ ರಕ್ತಪರೀಕ್ಷೆ ಆಗಲೇಬೇಕು.

ನಿಮ್ಮ ಮನೆಯಲ್ಲಿ ಬೈಪ್ಯಾಪ್ ಇದ್ದರೆ ಒತ್ತಡವನ್ನು ನೀವಾಗಿ ಬದಲಿಸಬೇಡಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಯಂತ್ರದ ಕಾರ್ಡನ್ನೂ ಮಾಸ್ಕನ್ನೂ ಜೊತೆಗೆ ಒಯ್ಯಿರಿ, ಕಾರ್ಡಿನಲ್ಲಿರುವುದನ್ನು ನೋಡಿ ಎಂದು ಕೇಳಿ.